ನನ್ನ ಕೈಗೆ ಬಗ್ಗದ ಕಾರು

ಆ ಬೇಸಿಗೆಯಲ್ಲಿ ನಮ್ಮ ಕಾರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ಎಂದು ಸುತ್ತುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ನನ್ನ ಗಂಡ ಬಂದು ಅದೇ ಕೀಯನ್ನು ಅದೇ ತೂತಿನಲ್ಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟುಬಿಡುತ್ತಿತ್ತು. ಕಾರು ಹಳೆಯದು, ನೀಲಿ ಬಣ್ಣದ್ದು, ಪೆಟ್ರೋಲಿನದು. ಬೆಂಗಳೂರಿಗೆ ವಾಪಸು ಹೊರಟಿದ್ದ ಒಂದು ಕುಟುಂಬದಿಂದ ಕೊಂಡಿದ್ದೆವು. ಅವರು ಸೋಫಾ, ಇಡ್ಲಿ ಪಾತ್ರೆ, ಕಾರು ಮೂರನ್ನೂ ಒಟ್ಟಿಗೇ ಸಾಗಹಾಕಿದ್ದರು. ಇಡ್ಲಿ ಪಾತ್ರೆ ಈಗಲೂ ಚೆನ್ನಾಗಿದೆ.

ನಾವಿರುವುದು ಡಚ್ಚರ ದೇಶದ ಆಮರ್ಸ್‌ಫೋರ್ಟಿನಲ್ಲಿ. ಗಂಡನದು ಸಾಫ್ಟ್‌ವೇರ್ ಕೆಲಸ. ವಾರದಲ್ಲಿ ಎರಡು ದಿನ ರೈಲು ಹಿಡಿದು ಹೂಫ್‌ಡಾರ್ಪಿನ ಆಫೀಸಿಗೆ ಹೋಗುತ್ತಾನೆ, ಉಳಿದ ದಿನ ಮನೆಯ ಮೇಲಿನ ಕೋಣೆಯೇ ಆಫೀಸು. ಅವನು ಉಡುಪಿಯವನು, ಮನೆಮಾತು ತುಳು. ನಾನು ಮೈಸೂರಿನವಳು, ರಸಾಯನಶಾಸ್ತ್ರ ಓದಿದವಳು. ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಡಚ್ ಕಲಿಯುತ್ತ, ಅಡುಗೆಮನೆಯ ಕಿಟಕಿಯಿಂದ ಎದುರುಮನೆಯವರ ಅಡುಗೆಮನೆಯ ಕಿಟಕಿ ನೋಡುತ್ತ ಕಳೆದೆ. ಆಮೇಲೆ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಊರ ಸುತ್ತಲಿನ ಕಾಲುವೆಗಳು, ಜನ ಈಜುವ ಕೆರೆಗಳು, ಇವುಗಳಿಂದ ನೀರಿನ ಮಾದರಿ ತಂದುಕೊಡಬೇಕು. ಉದ್ದ ಕೋಲಿನ ತುದಿಗೆ ಬಾಟಲಿ ಸಿಕ್ಕಿಸಿ ನೀರು ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಅಂದೇ ಮಧ್ಯಾಹ್ನದೊಳಗೆ ಮುಟ್ಟಿಸಬೇಕು. ತಡವಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ತಮ್ಮಷ್ಟಕ್ಕೆ ಹೆಚ್ಚಿಕೊಂಡು ಲೆಕ್ಕ ತಪ್ಪುತ್ತದೆ. ಆ ನೀರನ್ನು ಚೆಲ್ಲುವುದಷ್ಟೇ. ಸ್ವಂತ ಕಾರಿರಬೇಕು ಎಂಬುದು ಕೆಲಸದ ಷರತ್ತು, ಕರಾರು ಒಂದೇ ವರ್ಷದ್ದು.

ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಓದಿದ್ದಕ್ಕೆ ಹೊಂದುವ ಕೆಲಸ ಎಂಬ ಹೆಮ್ಮೆ ಒಂದು ಕಡೆ. ಬೆಳಿಗ್ಗೆ ರಬ್ಬರ್ ಬೂಟು ಹಾಕಿಕೊಂಡು ಒಬ್ಬಳೇ ಹೊರಟರೆ ಮಧ್ಯಾಹ್ನದವರೆಗೆ ಯಾರಿಗೂ ಏನೂ ಹೇಳಬೇಕಿಲ್ಲ ಎಂಬ ಸುಖ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ತೂಕದ್ದು ಅನ್ನಿಸುತ್ತದೆ.

ಮೊದಲ ಸಲ ಕಾರು ಕೈಕೊಟ್ಟದ್ದು ನೈಕೆರ್ಕ್ ಹತ್ತಿರದ ಒಂದು ಕೆರೆಯ ದಡದಲ್ಲಿ. ನೀರು ತುಂಬಿಸಿಕೊಂಡು ಬಂದು ಕೀ ತಿರುಗಿಸಿದೆ. ಗರಗರ ಸದ್ದು, ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ ಅಷ್ಟೇ. ಗಂಡನಿಗೆ ಫೋನ್ ಮಾಡಿದೆ. ಸುಮ್ಮನೆ ಕೀ ತಿರುಗಿಸುತ್ತ ಕೂರಬೇಡ, ಬ್ಯಾಟರಿ ಹೋಗತ್ತೆ, ನಾನು ಬರೋವರೆಗೂ ಮುಟ್ಟಬೇಡ ಎಂದ. ಮುಟ್ಟಲಿಲ್ಲ. ಅವನು ಮಡಚುವ ಸೈಕಲ್ಲನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದು, ಸ್ಟಾಪಿನಿಂದ ಇಲ್ಲಿಯವರೆಗೆ ಅದನ್ನು ತುಳಿದು, ಬೆವರೊರೆಸಿ, ಚಾಲಕನ ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಎಂಜಿನ್ ಹಿಡಿಯಿತು. ಅವನು ನನ್ನ ಮುಖ ನೋಡಿದ. ನಾನು ಕೆರೆಯ ಕಡೆ ನೋಡಿದೆ.

ಎರಡನೆಯ ಸಲ ಒಂದು ವೃತ್ತದಲ್ಲಿ, ಸುತ್ತು ಹೊಡೆಯುವಾಗಲೇ ಎಂಜಿನ್ ನಿಂತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ಇಳಿದು, ಸೈಕಲ್ಲಿಗೆ ಬೀಗ ಹಾಕಿ, ಕಾರನ್ನು ಪಕ್ಕಕ್ಕೆ ನೂಕಿಕೊಟ್ಟು ಹೋದರು. ಅಂದು ಗಂಡ ಆಫೀಸಿನಲ್ಲಿದ್ದ. ರಸ್ತೆ ಸಹಾಯದವರನ್ನು ಕರೆಸಿದೆ. ಬಹಳ ಹೊತ್ತಿನ ಮೇಲೆ ಬಂದ ಯುವಕ ನನ್ನ ಕಥೆಯನ್ನೆಲ್ಲ ತಲೆಯಾಡಿಸುತ್ತ ಕೇಳಿ, ಕೀ ತಿರುಗಿಸಿದ. ಹಿಡಿಯಿತು. ವೃತ್ತದಲ್ಲಿ ಗೇರು ಇಳಿಸುವಾಗ ಕ್ಲಚ್ ತಪ್ಪುವುದು ಬಹಳ ಜನರಿಗೆ ಆಗುತ್ತದೆ, ನೀವು ಹೆದರಬೇಡಿ ಎಂದು ಸಮಾಧಾನ ಹೇಳಿದ. ಅವನ ಒಳ್ಳೆಯತನವೇ ನನ್ನನ್ನು ಹೆಚ್ಚು ಉರಿಸಿತು.

ಗ್ಯಾರೇಜಿಗೂ ಕೊಟ್ಟೆವು. ಮನೆಯ ಹತ್ತಿರವೇ ಇರುವ ಗ್ಯಾರೇಜು. ರಾತ್ರಿಯೆಲ್ಲ ಬೀದಿಯಲ್ಲಿ ನಿಂತು ತಣ್ಣಗಾಗಿದ್ದ ಕಾರನ್ನು ಬೆಳಿಗ್ಗೆ ಗಂಡ ಅಲ್ಲಿಗೆ ಬಿಟ್ಟುಬಂದ. ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿ ನೋಡಿದ. ಎಂಜಿನ್ನಿನಲ್ಲಿ ಏನು ಕೆಟ್ಟರೂ ಕಾರಿನೊಳಗಿನ ಕಂಪ್ಯೂಟರ್ ಒಂದು ಸಂಕೇತ ಬರೆದಿಟ್ಟುಕೊಳ್ಳುತ್ತದಂತೆ. ನಮ್ಮದು ಏನೂ ಬರೆದಿಟ್ಟಿರಲಿಲ್ಲ. ದಿನವಿಡೀ ಆಗಾಗ ಸ್ಟಾರ್ಟ್ ಮಾಡಿ ನೋಡಿದೆ, ಪ್ರತಿ ಸಲವೂ ಸರಿಯಾಗಿ ಆಯಿತು ಎಂದ. ಸ್ಪಾರ್ಕ್ ಪ್ಲಗ್ ಬದಲಾಯಿಸಿದ, ನಮ್ಮ ಸಮಾಧಾನಕ್ಕೆ.

ನನ್ನ ಗಂಡ ಕೆಟ್ಟವನಲ್ಲ. ತಾನು ಕಣ್ಣಾರೆ ಕಂಡದ್ದನ್ನು ಅವನು ನಂಬಿದ. ನಾನು ಕೂತರೆ ನಿಲ್ಲುತ್ತದೆ, ಅವನು ಕೂತರೆ ಓಡುತ್ತದೆ. ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದ ಕಥೆಗೆ ಮತ್ತೆ ಜೀವ ಬಂತು. ಇದು ನನ್ನ ಕಾಲಿನ ತಪ್ಪಲ್ಲ, ಕಾರಿನಲ್ಲೇ ಏನೋ ಇದೆ ಎಂದು ಹಟ ಹಿಡಿದರೆ, 'ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ' ಎಂದು ನಗುತ್ತಿದ್ದ. ಗಾದೆ ಹೇಳುವವರ ಜೊತೆ ವಾದ ಮಾಡಲಾಗುವುದಿಲ್ಲ. ಇನ್ನೊಂದು ಗಾದೆ ಹುಡುಕಬೇಕು, ನನಗೆ ಹೊತ್ತಿಗೆ ಸರಿಯಾಗಿ ಯಾವುದೂ ಹೊಳೆಯುವುದಿಲ್ಲ.

ಜುಲೈಯಲ್ಲಿ ಅತ್ತೆ ಉಡುಪಿಯಿಂದ ಬಂದರು, ಮೂರು ತಿಂಗಳ ವೀಸಾದಲ್ಲಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಗನಿಗೆ ಹತ್ತಿಯ ಬನಿಯನ್ನು, ನನಗೆ ಒಂದು ಸೀರೆ. ಮಗನ ಜೊತೆ ತುಳು, ನನ್ನ ಜೊತೆ ಕರಾವಳಿಯ ಕನ್ನಡ. ಮಾತು ಕಡಿಮೆ. ಒಂದು ಕೆಲಸ ಮುಗಿದರೆ ಸದ್ದಿಲ್ಲದೆ ಇನ್ನೊಂದಕ್ಕೆ ಕೈ ಹಾಕುವ ಹೆಂಗಸು. ನಾನು ಕಾರು ತೆಗೆದುಕೊಂಡು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹುಷಾರು ಎಂದು ಕೂಡ ಹೇಳುತ್ತಿರಲಿಲ್ಲ.

ಅವರು ಬಂದ ಮೇಲೆ ಮೂರನೆಯ ಸಲ. ಏಮ್ ನದಿಯ ಮೇಲಿನ ಸೇತುವೆ ದೋಣಿಗಳಿಗಾಗಿ ಮೇಲೆದ್ದಿತ್ತು. ಎಂಜಿನ್ ಆರಿಸಿ ಎಂದು ಫಲಕ ಹೇಳುತ್ತದೆ, ಆರಿಸಿದೆ. ಸೇತುವೆ ಇಳಿಯಿತು, ಗೇಟು ತೆರೆಯಿತು, ಮುಂದಿನವರೆಲ್ಲ ಹೋದರು. ನನ್ನ ಕಾರು ಗರಗರ ಎಂದಿತು. ಹಿಂದಿನ ಸಾಲು ಒಬ್ಬೊಬ್ಬರಾಗಿ ನನ್ನನ್ನು ಬಳಸಿಕೊಂಡು ಹೋಯಿತು. ಯಾರೂ ಬಯ್ಯಲಿಲ್ಲ, ಎಲ್ಲರೂ ನೋಡಿದರು. ಗಂಡ ಸೈಕಲ್ ತುಳಿದುಕೊಂಡು ಬಂದ, ಕೀ ತಿರುಗಿಸಿದ, ಹಿಡಿಯಿತು. ಅಷ್ಟರಲ್ಲಿ ಐಸ್ ಕರಗಿತ್ತು. ವೃತ್ತದಲ್ಲಿ ನಿಂತ ದಿನದ ಹಾಗೆ ಅಂದೂ ನನ್ನ ಬಾಟಲಿಗಳ ನೀರನ್ನು ಪ್ರಯೋಗಾಲಯದ ಸಿಂಕಿಗೆ ಚೆಲ್ಲಿದರು.

ಅಂದು ಊಟಕ್ಕೆ ಕೂತಾಗ ಗಂಡ ತನ್ನ ಪರಾಕ್ರಮವನ್ನು ತಾಯಿಗೆ ತುಳುವಿನಲ್ಲಿ ವರ್ಣಿಸಿದ. ನನಗೆ ಅರ್ಧ ಅರ್ಥವಾಯಿತು, ಅಷ್ಟು ಸಾಕಾಗಿತ್ತು. ಅವನು ಮೇಲೆ ಹೋದಮೇಲೆ ಅತ್ತೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಹೇಳಿದರು.

"ಅವನ ಕೈಗುಣ ಹಾಗೆ, ಸಣ್ಣದಿರುವಾಗಿಂದ್ಲೂ. ಕೆಲವರ ಕೈಗೆ ಕೆಲವು ಆಗುದಿಲ್ಲ ಮಗಾ. ಅದಕ್ಕೆ ಬೇಜಾರು ಮಾಡುದು ಬೇಡ. ಅದನ್ನು ಬಿಟ್ಟು ಬೇರೆ ಮಾಡಿದ್ರಾಯ್ತು."

ಕೈಗುಣದ ಮಾತು ನನಗೇನೂ ಹೊಸದಲ್ಲ. ಮೈಸೂರಿನಲ್ಲೂ ಇಂಥ ಡಾಕ್ಟರ ಕೈಗುಣ ಒಳ್ಳೆಯದು ಎಂದು ಊರಾಚೆಯಿಂದ ಜನ ಬಂದು ಸಾಲಿನಲ್ಲಿ ನಿಲ್ಲುತ್ತಾರೆ, ಇಂಥವರ ಕೈಯಿಂದಲೇ ಬೋಣಿಯಾಗಲಿ ಎಂದು ಅಂಗಡಿಯವರು ಕಾಯುತ್ತಾರೆ. ಒಳ್ಳೆಯ ಕೈ ಇದೆ ಎಂದ ಮೇಲೆ ಕೆಟ್ಟ ಕೈಯೂ ಇರಬೇಕಲ್ಲ. ಅದು ನನ್ನದು ಎಂದು ಈಗ ತೀರ್ಪಾಯಿತು. ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಪ್ರಯೋಗಾಲಯದಲ್ಲಿ ನನ್ನ ಮೇಲಿನವಳು ಡಚ್ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ. ಕಾಫಿ ಕೊಟ್ಟು ಕೂರಿಸಿ, ನಿನ್ನ ಕೆಲಸ ಚೆನ್ನಾಗಿದೆ, ನಿನ್ನ ನೀರು ಬಂದು ಮುಟ್ಟುವುದಿಲ್ಲ ಎಂದಳು. ಅವಳು ಮರುವಾರ ಟೆಂಟು ಕಟ್ಟಿಕೊಂಡು ರಜೆಗೆ ಹೊರಡುವವಳಿದ್ದಳು. ವಾಪಸು ಬರುವಷ್ಟರಲ್ಲಿ ಕಾರಿನ ಸಮಸ್ಯೆ ಬಗೆಹರಿದಿರಬೇಕು, ಇಲ್ಲವಾದರೆ ಕರಾರು ಮುಂದುವರಿಸುವುದು ಕಷ್ಟ, ಒಳಗಿನ ಕೆಲಸಕ್ಕೆ ಜಾಗ ಖಾಲಿಯಿಲ್ಲ. ಗಂಡನಿಗೆ ಹೇಳಿದಾಗ ಅವನು ನಿಜವಾಗಿಯೂ ಮರುಗಿದ. ಬಿಡು, ಮನೆಯಿಂದ ಮಾಡುವ ಕೆಲಸ ಏನಾದರೂ ಹುಡುಕೋಣ ಎಂದ. ಅಡುಗೆಮನೆಯ ಕಿಟಕಿ ಕಣ್ಣಮುಂದೆ ಬಂತು.

ಆ ದಿನಗಳಲ್ಲಿ ನಾನು ಕಾರಿನಲ್ಲಿ ಕೂತು ಕೀ ತಿರುಗಿಸುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿಯೇ ಬಂತು. ಒಂದು ದಿನ ಅದನ್ನು ಗಮನಿಸಿದಾಗ ಭಯವಾಯಿತು. ಎಂ.ಎಸ್ಸಿ. ಓದಿದ್ದೇನೆ, ಎಷ್ಟೋ ಪಿಪೆಟ್ಟು ಹಿಡಿದಿರುವ ಕೈ ಇದು, ಆದರೂ ಅದನ್ನು ನಾನೇ ಅನುಮಾನಿಸತೊಡಗಿದ್ದೆ.

ಬಿಸಿಲು ಜೋರಿದ್ದ ಒಂದು ದಿನ ಗಂಡ ಹೂಫ್‌ಡಾರ್ಪಿಗೆ ಹೋಗಿದ್ದ. ಅತ್ತೆಗೆ ಮನೆಯಲ್ಲಿ ಬೇಸರವಾಗುತ್ತದೆಂದು ಜೊತೆಗೆ ಕರೆದುಕೊಂಡು ಹೊರಟೆ. ಎರಡು ಕೆರೆಗಳ ನೀರು ತುಂಬಿಸಿಯಾಗಿತ್ತು. ಅವರು ದಾರಿಯುದ್ದಕ್ಕೂ ಹಸುಗಳನ್ನು ನೋಡುತ್ತಿದ್ದರು. ಇಷ್ಟು ಹಸುವಿಗೆ ಒಬ್ಬನಾದರೂ ಕಾಯುವವ ಇಲ್ಲವಲ್ಲ ಎನ್ನುವುದು ಅವರ ಆಶ್ಚರ್ಯ. ಹೆದ್ದಾರಿಯ ಮೇಲೆ ಹಾಯುವ ಮೇಲ್ಸೇತುವೆ ಹತ್ತಿ ಆ ಕಡೆ ಇಳಿಯುತ್ತಿದ್ದೆ. ಮೂರನೇ ಗೇರು. ಎಡಗಾಲು ಕ್ಲಚ್ಚಿನ ಮೇಲೆ ಇರಲೇ ಇಲ್ಲ, ಬೇಕೆಂದೇ ದೂರ ಇಟ್ಟುಕೊಂಡಿದ್ದೆ. ಎಂಜಿನ್ನಿನ ದನಿ ಅಡಗಿತು. ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದು ಎಳೆದಂತಾಯಿತು. ಎದುರಿಗಿದ್ದ ಎರಡು ಮುಳ್ಳುಗಳಲ್ಲಿ ಕಾರಿನ ವೇಗದ್ದು ನಿಧಾನವಾಗಿ ಇಳಿಯುತ್ತಿತ್ತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಇನ್ನೊಂದು ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದು ಮಲಗಿತ್ತು. ಇಳಿಜಾರಿನ ಓಟದಲ್ಲೇ ಕಾರನ್ನು ಒಂದು ಹೊಲದ ಗೇಟಿನ ಮುಂದೆ ತಂದು ನಿಲ್ಲಿಸಿದೆ.

ಗಂಡನಿಗೆ ಫೋನ್ ಮಾಡಿದರೆ ಮೀಟಿಂಗ್ ನಡುವೆ ಎದ್ದು ಬಂದು ಪಿಸುಗುಟ್ಟಿದ. ಎರಡು ರೈಲು, ಒಂದು ಬಸ್ಸು, ಬರುವಾಗ ಮಧ್ಯಾಹ್ನ ಕಳೆಯತ್ತೆ, ಮುಟ್ಟಬೇಡ. ಅತ್ತೆಯೂ ಅದನ್ನೇ ಹೇಳಿದರು, ಅವ ಬರಲಿ. ನಾವಿಬ್ಬರೂ ಹೊಳೆಯುವ ಹಳದಿ ಜಾಕೆಟ್ ತೊಟ್ಟು ಹುಲ್ಲಿನ ಮೇಲೆ ಕೂತೆವು. ಅತ್ತೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಐಸ್ ಪೆಟ್ಟಿಗೆಯಲ್ಲಿ ಬಾಟಲಿಗಳಿದ್ದವು. ಇವನ್ನೂ ಚೆಲ್ಲಿದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಸಿಟ್ಟು ಇಳಿದ ಮೇಲೆ ತಲೆ ಓಡಿತು. ಕಾರು ಗೇರಿನಲ್ಲಿತ್ತು, ಚಕ್ರ ತಿರುಗುತ್ತಿತ್ತು. ಹಾಗಿದ್ದರೆ ಬೆಂಕಿ ಆರಿದ್ದರೂ ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರಬೇಕು. ಎಂಜಿನ್ ತಿರುಗುತ್ತಿರುವಾಗ ಮುಳ್ಳು ಸೊನ್ನೆ ತೋರಿಸಿದ್ದೇಕೆ? ಎಂಜಿನ್ ನಿಂತದ್ದರಿಂದ ಮುಳ್ಳು ಬಿದ್ದದ್ದಲ್ಲ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಮೊದಲು ನಿಂತಿತು, ಆಮೇಲೆ ಎಂಜಿನ್ ನಿಂತಿತು. ಕಾಲಿನಿಂದ ಮಾಡಬಹುದಾದ ತಪ್ಪು ಅಲ್ಲವೇ ಅಲ್ಲ ಅದು.

ಸುದ್ದಿ ಕೊಡುವವರು ಯಾರು ಎಂದು ಫೋನಿನಲ್ಲಿ ಹುಡುಕಿದೆ. ಎಂಜಿನ್ನಿನ ನಡುವೆ ತಿರುಗುವ ದಪ್ಪ ಕಬ್ಬಿಣದ ದಂಡ, ಕ್ರ್ಯಾಂಕ್‌ಶಾಫ್ಟ್. ಅದರ ಜೊತೆಗೆ ಹಲ್ಲುಗಳಿರುವ ಒಂದು ಚಕ್ರವೂ ತಿರುಗುತ್ತದೆ. ಪಕ್ಕದಲ್ಲಿ ಕೂತ ಸಣ್ಣ ಸೆನ್ಸರ್ ಆ ಹಲ್ಲುಗಳು ಹಾದುಹೋಗುವುದನ್ನು ಎಣಿಸಿ, ದಂಡ ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುತ್ತ ಇರುತ್ತದೆ. ಅದು ಬಾಯಿ ಮುಚ್ಚಿದರೆ ಎಂಜಿನ್ ನಿಂತಿದೆ ಎಂದುಕೊಂಡು ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ನಿಂತದ್ದನ್ನು ತಪ್ಪೆಂದು ಅದು ಬರೆದಿಟ್ಟುಕೊಳ್ಳದೆಯೂ ಇರಬಹುದು. ಸೆನ್ಸರ್ ಹಳೆಯದಾದರೆ ಕಾದಾಗ ಕೈಕೊಟ್ಟು, ತಣಿದಾಗ ಸರಿಹೋಗುವುದುಂಟು.

ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಪ್ರಯೋಗಾಲಯದಲ್ಲಿ ಮೊದಲ ವಾರವೇ ಕಲಿಸುವ ಪಾಠ, ಒಂದೇ ಸಲಕ್ಕೆ ಎರಡು ಸಂಗತಿ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಕೆರೆಯ ದಡದಲ್ಲಿ, ವೃತ್ತದಲ್ಲಿ, ಸೇತುವೆಯ ಹತ್ತಿರ, ಪ್ರತಿ ಸಲವೂ ಕೈ ಬದಲಾಗಿತ್ತು. ಪ್ರತಿ ಸಲವೂ ಆ ಕೈ ಬಂದು ಮುಟ್ಟುವಷ್ಟರಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಳೆದು ಎಂಜಿನ್ ತಣಿದೂ ಇತ್ತು. ನಾವೆಲ್ಲರೂ ಕೈಯನ್ನೇ ನೋಡಿದೆವು. ಮುಟ್ಟಬೇಡ ಎಂದದ್ದಕ್ಕೆ ನಾನು ಮುಟ್ಟಿರಲಿಲ್ಲ, ಹಾಗಾಗಿ ನನ್ನ ಕೈಗೂ ಹಿಡಿಯುತ್ತದೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದವರಲ್ಲಿ ನಾನೂ ಒಬ್ಬಳು.

ಅತ್ತೆಗೆ ಕಣ್ಣು ಹತ್ತಿತ್ತು. ಬಾನೆಟ್ ಎತ್ತಿ ಗಾಳಿಯಾಡಲು ಬಿಟ್ಟೆ. ಚಹಾ ಮುಗಿಸಿದೆ, ಹಸುಗಳನ್ನು ನೋಡಿದೆ. ಸಾಕಷ್ಟು ಹೊತ್ತಾಯಿತು ಅನ್ನಿಸಿದಾಗ ಎದ್ದು ಸೀಟಿನಲ್ಲಿ ಕೂತೆ. ಕೈ ಒರೆಸಿಕೊಳ್ಳಬಾರದೆಂದು ಬೇಕೆಂದೇ ತಡೆದುಕೊಂಡೆ. ಕೀ ತಿರುಗಿಸಿದೆ. ಮುಳ್ಳು ಒಂದಿಷ್ಟು ಮಿಸುಕಿತು, ಎಂಜಿನ್ ಹಿಡಿಯಿತು.

ಸದ್ದಿಗೆ ಅತ್ತೆ ಎದ್ದು ಕೂತರು. ಕಾರನ್ನು ನೋಡಿದರು, ನನ್ನನ್ನು ನೋಡಿದರು, ಕೈಮುಗಿದರು. ನಿದ್ದೆ ಬರುವ ಮುಂಚೆ ಕೃಷ್ಣನಿಗೆ ಒಂದು ಹರಕೆ ಹೇಳಿಕೊಂಡಿದ್ದರಂತೆ. ಹೀಗೆ ನನ್ನ ಮೊದಲ ಪ್ರಯೋಗದ ಫಲ ನೇರವಾಗಿ ಉಡುಪಿಗೆ ಹೋಯಿತು. ಬಾಟಲಿಗಳು ಮಾತ್ರ ಹೊತ್ತಿಗೆ ಮುಂಚೆ ಪ್ರಯೋಗಾಲಯ ತಲುಪಿದವು.

ಇನ್ನೊಂದು ಪ್ರಯೋಗ ಉಳಿದಿತ್ತು. ಕೈಗುಣವಿರುವವನ ಕೈಯಲ್ಲೂ ಕಾರು ಬಿಸಿಯೇರಿ ನಿಂತುಹೋಗಬೇಕು. ಭಾನುವಾರ ಹೂಫ್‌ಡಾರ್ಪಿನಲ್ಲಿ ಗಂಡನ ಸಹೋದ್ಯೋಗಿಯ ಮನೆಯಲ್ಲಿ ಊಟವಿತ್ತು. ನೀನೇ ಓಡಿಸು ಎಂದೆ. ಅತ್ತೆ ಹಿಂದೆ ಕೂತರು, ತೊಡೆಯ ಮೇಲೆ ಪತ್ರೊಡೆಯ ಡಬ್ಬಿ. ಹೆದ್ದಾರಿಯಲ್ಲಿ ವಾಹನಗಳ ಸಾಲು ಆಮೆಯ ಹಾಗೆ ಸಾಗುತ್ತಿತ್ತು, ಮೇಲಿಂದ ಬಿಸಿಲು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ. ಹಾಕಿಸಿ ಬಂದು ಕೀ ತಿರುಗಿಸಿದ. ಗರಗರ.

ಅವನು ಮತ್ತೆ ಮತ್ತೆ ತಿರುಗಿಸಿದ. ಬ್ಯಾಟರಿಯ ನೆನಪು ಅವನಿಗೆ ಬರಲಿಲ್ಲ, ನಾನೂ ನೆನಪಿಸಲಿಲ್ಲ. ಮುಳ್ಳನ್ನು ನೋಡು ಎಂದೆ. ಸ್ಟಾರ್ಟರ್ ಎಂಜಿನ್ನನ್ನು ಸುತ್ತಿಸುತ್ತಿದ್ದರೂ ಮುಳ್ಳು ಅಲುಗುತ್ತಿರಲಿಲ್ಲ. ಪೆಟ್ರೋಲ್ ಕೆಟ್ಟದ್ದಿರಬೇಕು ಎಂದ. ನಾನು ನಿಲ್ಲಿಸಿದಾಗ ಕಾಲಿನ ತಪ್ಪು, ಅವನು ನಿಲ್ಲಿಸಿದಾಗ ಪೆಟ್ರೋಲಿನ ತಪ್ಪು. ಇಳಿ ಎಂದೆ. ಕಾರನ್ನು ಪಕ್ಕಕ್ಕೆ ನೂಕಿ, ನೆರಳಿನಲ್ಲಿ ಕೂತು ಮೂವರೂ ಡಬ್ಬಿ ತೆರೆದು ಪತ್ರೊಡೆ ತಿಂದೆವು. ಅವನು ಎರಡು ಸಲ ಏಳಲು ಹೊರಟ, ಕೂರು ಎಂದೆ. ಕೊನೆಗೆ ನಾನು ಎದ್ದು ಹೋಗಿ ಕೀ ತಿರುಗಿಸಿದೆ. ಹಿಡಿಯಿತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಎಂದು ಅವನು ಗೊಣಗಿದ. ಅತ್ತೆ ಈ ಸಲ ಕೈ ಮುಗಿಯಲಿಲ್ಲ. ಖಾಲಿಯಾದ ಡಬ್ಬಿಯ ಮುಚ್ಚಳ ಹಾಕಿ, ನನ್ನ ಪಕ್ಕದ ಸೀಟಿಗೆ ಬಂದು ಕೂತರು. ಮಗ ಹಿಂದೆ ಕೂತ.

ಮರುದಿನ ಊರಲ್ಲೆಲ್ಲ ಸುತ್ತಿ ಕಾರನ್ನು ಚೆನ್ನಾಗಿ ಕಾಯಿಸಿ, ಎಂಜಿನ್ ಆರಿಸದೆ ಗ್ಯಾರೇಜಿನೊಳಗೆ ನಡೆಸಿದೆ. ಅತ್ತೆ ತಾವಾಗಿಯೇ ಹೊರಟು ಬಂದಿದ್ದರು. ಮೆಕ್ಯಾನಿಕ್ಕಿಗೆ ಮುಳ್ಳಿನ ವಿಷಯ ಹೇಳಿದೆ. ಅವನು ಆರಿಸಿ, ಸ್ವಲ್ಪ ಕಾದು, ತಿರುಗಿಸಿದ. ಹಿಡಿಯಲಿಲ್ಲ. ಮೊದಲ ಸಲ ಗಂಡಸೊಬ್ಬನ ಮುಖದಲ್ಲಿ ಆ ಪೆಚ್ಚು ಕಂಡು ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಕಾರನ್ನು ಮೇಲೆತ್ತಿ, ಗೇರ್ ಪೆಟ್ಟಿಗೆಯ ಪಕ್ಕದಿಂದ ಬೆರಳುದ್ದದ ಕಪ್ಪು ವಸ್ತುವೊಂದನ್ನು ಬಿಚ್ಚಿ ತಂದು ಮೇಜಿನ ಮೇಲೆ ಇಟ್ಟ. ಅದರ ತುದಿಯಲ್ಲಿ ಎಣ್ಣೆಯ ಮಸಿ.

ಅದು ತಣಿಯುವವರೆಗೂ ಕಾದು, ಒಳಗೆ ವಿದ್ಯುತ್ತಿಗಿರುವ ತಡೆಯನ್ನು ಅಳೆಯುವ ಮೀಟರಿನ ಎರಡು ತಂತಿ ಹಚ್ಚಿದ. ಅಂಕಿ ಬಂತು, ಇರಬೇಕಾದಷ್ಟೇ ಇದೆ ಎಂದ. ಬಿಸಿ ಗಾಳಿ ಊದಿ ನೋಡೋಣವೇ ಎಂದು ಕೇಳಿದೆ. ಪೇಂಟು ಕೀಳುವ ಬಿಸಿಗಾಳಿ ಯಂತ್ರ ತಂದು ಊದಿದ. ಅಂಕಿ ನಿಧಾನವಾಗಿ ಏರಿತು, ಏರುತ್ತ ಹೋಗಿ ಒಮ್ಮೆಲೇ ಮಾಯವಾಯಿತು. ತಣ್ಣನೆಯ ಕಬ್ಬಿಣದ ಮೇಲಿಟ್ಟ. ಬಹಳ ಹೊತ್ತಿನ ಮೇಲೆ ಅಂಕಿ ಮರಳಿ ಬಂತು. ಒಳಗಿನ ಕೂದಲೆಳೆಯಂಥ ತಂತಿ ಎಲ್ಲೋ ತುಂಡಾಗಿದೆ, ಕಾದಾಗ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ ಎಂದ. ಅತ್ತೆಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಮಾಡಿ ತೋರಿಸಲು ಹೇಳು ಎಂದರು. ಅವನು ನಗುತ್ತ ಮತ್ತೆ ಊದಿದ. ಅತ್ತೆ ಮೀಟರಿಗೆ ಮುಖ ಹತ್ತಿರ ತಂದು, ಅಂಕಿ ಹೋಗುವುದನ್ನೂ ಬರುವುದನ್ನೂ ಕಣ್ಣು ಮಿಟುಕಿಸದೆ ನೋಡಿದರು.

"ಹಾಗಾದ್ರೆ ಯಾರ ಕೈಯಾದ್ರೂ ಒಂದೇ?"

"ಒಂದೇ ಅತ್ತೆ."

ಹೊಸ ಸೆನ್ಸರ್ ಅಂದೇ ಸಿಕ್ಕಿತು, ಅಂದೇ ಕೂರಿಸಿದ. ನನ್ನ ಮೇಲಿನವಳು ರಜೆ ಮುಗಿಸಿ ಬರುವವರೆಗೆ ನಾನು ತಂದ ಒಂದು ಬಾಟಲಿಯೂ ಸಿಂಕಿಗೆ ಹೋಗಲಿಲ್ಲ. ಕರಾರು ಮುಂದುವರಿಯಿತು. ಗಂಡ ಎಲ್ಲರ ಮುಂದೆಯೂ ಈ ಕಥೆ ಹೇಳುತ್ತಾನೆ. ಅವನ ಕಥೆಯಲ್ಲಿ ಅವನಿಗೆ ಮೊದಲಿನಿಂದಲೂ ಸೆನ್ಸರಿನ ಮೇಲೆ ಅನುಮಾನವಿತ್ತು. ಇರಲಿ.

ನನಗೆ ನೆನಪಿರುವುದು ಗ್ಯಾರೇಜಿನಿಂದ ಮನೆಗೆ ಬಂದ ಆ ಸ್ವಲ್ಪ ದೂರ. ನಾನು ಗೆದ್ದ ಗತ್ತಿನಲ್ಲಿ ಓಡಿಸುತ್ತಿದ್ದೆ. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸೋತದ್ದಕ್ಕೆ ಮುಖ ಸಣ್ಣದಾಗಿದೆ ಎಂದುಕೊಂಡೆ. ಕೆಂಪು ದೀಪಕ್ಕೆ ನಿಂತಾಗ ಅವರು ಎದುರಿನ ಗಾಜು ನೋಡುತ್ತ ಮಾತಾಡತೊಡಗಿದರು.

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಒಂದು ದಿನ ಹಾಲಿಗೆ ಹೆಪ್ಪು ಹಾಕಲು ಅವರಿಗೆ ಹೇಳಿದ್ದರಂತೆ. ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮಾರನೆಯ ದಿನ ನಾದಿನಿ ಹಾಕಿದಳು, ಗಟ್ಟಿ ಮೊಸರಾಯಿತು. ಇವಳ ಕೈಗೆ ಹೆಪ್ಪು ಆಗುವುದಿಲ್ಲ ಎಂದು ಅವರ ಅತ್ತೆ ಹೇಳಿದರು. ಅಲ್ಲಿಂದ ಈಚೆಗೆ ಅವರು ಹೆಪ್ಪು ಹಾಕಿಲ್ಲ. ನಾದಿನಿ ಹಾಕಿದಳು, ಅವಳ ಮದುವೆಯಾದ ಮೇಲೆ ನನ್ನ ಮಾವನವರೇ ಹಾಕಿದರು, ಆಮೇಲೆ ಪಕ್ಕದ ಮನೆಯವರು ಬಂದು ಹಾಕಿಕೊಟ್ಟು ಹೋಗುತ್ತಿದ್ದರು. ನಮ್ಮ ಮನೆಯಲ್ಲಿಯೂ ದಿನಾ ಹೆಪ್ಪು ಹಾಕುತ್ತಿದ್ದವಳು ನಾನು. ಆ ಹೊತ್ತಿಗೆ ಅವರು ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದರು, ಸುಸ್ತಾಗಿರಬೇಕೆಂದು ನಾನು ತಿಳಿದಿದ್ದೆ. ಅದನ್ನು ಬಿಟ್ಟು ಬೇರೆ ಮಾಡಿದರಾಯ್ತು ಎಂದು ಅವರು ಅಂದು ಹೇಳಿದ್ದು ತೀರ್ಪಲ್ಲ. ತಾವು ಬದುಕಿದ ರೀತಿಯನ್ನು ನನಗೆ ಸಮಾಧಾನಕ್ಕೆ ಹೇಳಿದ್ದರು.

ಪಾತ್ರೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅವರು ಆ ಪ್ರಶ್ನೆಗೇ ಕಾಯುತ್ತಿದ್ದವರಂತೆ, ನಾನು ಕಿಟಕಿಯ ಹತ್ತಿರ, ಅವಳು ಒಲೆಯ ಬದಿಯಲ್ಲಿ ಎಂದರು. ಹಾಲು ತಣ್ಣಗಾಗಿ ಹೋಗಿತ್ತು ಅತ್ತೆ, ಕೈಯದ್ದೇನಿಲ್ಲ ಎಂದೆ. ತಲೆಯಾಡಿಸಿದರು. ಹಸಿರು ದೀಪ ಬಂದಿತ್ತು, ನಾನು ಹೊರಟಿರಲಿಲ್ಲ. ಹಿಂದೆಯೂ ಯಾರೂ ಇರಲಿಲ್ಲ. ಅವರು ಮಡಿಲಲ್ಲಿದ್ದ ತಮ್ಮ ಬಲಗೈಯನ್ನು ಅಂಗಾತ ಮಾಡಿ ನೋಡಿಕೊಂಡರು.

"ಇನ್ನೊಂದು ಸಲ ಹಾಕಿ ನೋಡು ಅಂತ ಒಬ್ರೂ ಹೇಳ್ಲಿಲ್ಲ ಮಗಾ," ಎಂದರು. "ನಾನೂ ಕೇಳ್ಲಿಲ್ಲ."